ಥೂ ಮೇಸ್ತ್ರಿ ಮತ್ತು ಎಣ್ಣೆ ಕುಡಿದ ಬ್ರೇಕು

ಭಾರ ಎತ್ತುವ ಚೈನ್ ಹಾಯಿಸ್ಟ್ ಯಂತ್ರ ರಿಪೇರಿ ಮಾಡುವ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಹಾಗೆ ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಕಾರ್ಖಾನೆಯವರಿಗೆಲ್ಲ ಅವನು ಥೂ ಮೇಸ್ತ್ರಿ. ತುಕ್ಕು ಹಿಡಿದ ಕೊಕ್ಕೆ ಕಂಡರೆ ಥೂ, ಗಂಟು ಹಾಕಿದ ವೈರು ಕಂಡರೆ ಥೂ, ಚಹಾ ತಣ್ಣಗಿದ್ದರೂ ಥೂ. ಇಪ್ಪತ್ತಾರು ವರ್ಷ ಕಂಡವರ ಗಲೀಜಿನಲ್ಲಿ ಕೈ ಅದ್ದಿದವನಿಗೆ ಅಷ್ಟಾದರೂ ಹಕ್ಕು ಬೇಡವೇ ಎಂದು ಅವನ ವಾದ.

ಆ ದಿನ ಪಂಪು ರಿಪೇರಿ ಶೆಡ್ಡಿನಿಂದ ಫೋನ್ ಮಾಡಿದವಳು ಅವನ ಸ್ವಂತ ತಂಗಿ. ಅಲ್ಲಿನ ಹಾಯಿಸ್ಟಿನ ಗುಂಡಿ ಒತ್ತುವ ಕೆಲಸ ಅವಳದು.

"ಅಣ್ಣಾ, ಗುಂಡಿ ಬಿಟ್ಟ ಮೇಲೂ ಭಾರ ಒಂದು ಗೇಣು ಜಾರ್ತಿದೆ. ಬೆಳಿಗ್ಗೆ ಪಂಪು ನನ್ನ ಕಾಲ ಮೇಲೇ ಬಂತು."

ಓಡಿಹೋಗಿ ನೋಡಿದರೆ ಅವಳ ಬೂಟಿನ ಮೂತಿ ಚಪ್ಪಟೆಯಾಗಿತ್ತು. ಬೆರಳು ಕೂದಲೆಳೆಯಲ್ಲಿ ಉಳಿದಿತ್ತು. ಶೆಡ್ಡಿನ ನೆಲದ ತುಂಬ ಗ್ರೀಸು, ಗ್ರೀಸಿನ ಮೇಲೆ ಧೂಳು, ಧೂಳಿನ ಮೇಲೆ ಯಾರೋ ಅರ್ಧ ತಿಂದು ಬಿಸಾಡಿದ ಬನ್ನು. ಅವನು ತುದಿಗಾಲಲ್ಲಿ ಅದನ್ನೆಲ್ಲ ದಾಟಿದ.

"ಮೋಟಾರಿಗೆ ಶಕ್ತಿ ಹೋಗಿದೆ ಮೇಸ್ತ್ರಿ, ಹೊಸದು ಹಾಕಿಬಿಡಿ," ಎಂದ ಸೂಪರ್‌ವೈಸರ್.

"ಥೂ! ಎತ್ತೋದು ಮೋಟಾರು, ಹಿಡ್ಕೊಳ್ಳೋದು ಬ್ರೇಕು. ಇಷ್ಟೂ ಗೊತ್ತಿಲ್ದೆ ಸೂಪರ್‌ವೈಸರ್ ಹೇಗಾದ್ರಿ?"

ಬೈದುಕೊಂಡೇ ಬಿಡಿಸಿ ಹೇಳಿದ. ಗುಂಡಿ ಒತ್ತಿದಾಗ ಕರೆಂಟು ಮೋಟಾರಿಗೂ ಹೋಗುತ್ತದೆ, ಬ್ರೇಕಿನ ಅಯಸ್ಕಾಂತಕ್ಕೂ ಹೋಗುತ್ತದೆ. ಅಯಸ್ಕಾಂತ ತಟ್ಟೆಯನ್ನು ಹಿಂದಕ್ಕೆಳೆದು ಮೋಟಾರನ್ನು ತಿರುಗಲು ಬಿಡುತ್ತದೆ. ಗುಂಡಿ ಬಿಟ್ಟರೆ, ಇಲ್ಲವೇ ಕರೆಂಟೇ ಹೋದರೆ, ಅಯಸ್ಕಾಂತದ ಆಟ ಮುಗಿಯಿತು. ಹೊಂಚು ಹಾಕಿ ಕುಳಿತಿದ್ದ ಸ್ಪ್ರಿಂಗು ತಟ್ಟೆಯನ್ನು ದೂಡಿ, ಮೋಟಾರಿನ ಜೊತೆ ತಿರುಗುವ ಬಿಲ್ಲೆಯನ್ನು ಗಪ್ಪನೆ ಅದುಮಿ ಹಿಡಿಯುತ್ತದೆ. ಉಜ್ಜಿ ಹಿಡಿಯುವುದೇ ಬ್ರೇಕಿನ ಕಸುಬಾದ್ದರಿಂದ ಅಲ್ಲಿ ಎಲ್ಲವೂ ಒಣಗಿರಬೇಕು.

ಏಣಿ ಹತ್ತಿ ಮೋಟಾರಿನ ಹಿಂಬದಿಯಲ್ಲಿದ್ದ ಬ್ರೇಕಿನ ಮುಚ್ಚಳ ಬಿಚ್ಚಿದ. ಒಳಗಿಂದ ಕಪ್ಪು ಎಣ್ಣೆ ಇಳಿದು ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. ಕೆಳಗಿದ್ದವರು ಈಗ ಥೂ ಬರುತ್ತದೆಂದು ಕಾದರು. ಬರಲಿಲ್ಲ. ಮೇಸ್ತ್ರಿ ಏಣಿಯ ಮೇಲಿಂದಲೇ ಕೆಳಗೆ ಬಗ್ಗಿ ಕೇಳಿದ.

"ಬ್ರೇಕಿಗೆ ಎಣ್ಣೆ ಹೊಯ್ದಿದ್ದು ಯಾರು?"

"ನಾನೇ ಅಣ್ಣಾ," ಎಂದಳು ತಂಗಿ. "ಹೋದ ವಾರ ಆ ಮುಚ್ಚಳದ ಒಳಗಿಂದ ಕಿರ್ ಅಂತಿತ್ತು. ನಿಂಗೆ ಫೋನ್ ಮಾಡಿದ್ನಲ್ಲ? 'ಥೂ, ಕಿರುಚೋದಕ್ಕೆಲ್ಲ ನನ್ನ ಕರೀಬೇಡ, ಎಣ್ಣೆ ಬಿಡು' ಅಂತ ನೀನೇ ಹೇಳಿ ಫೋನಿಟ್ಟೆ."

ಹಾಗೆ ಹೇಳಿದಾಗ ಅವನ ತಲೆಯಲ್ಲಿದ್ದದ್ದು ಚೈನು. ಚೈನಿಗೆ ಎಣ್ಣೆ ಬೇಕು. ಎಲ್ಲಿಂದ ಕಿರುಚುತ್ತಿದೆ ಎಂದು ಒಂದು ಮಾತು ಕೇಳುವಷ್ಟು ತಾಳ್ಮೆ ಅವನಿಗೆ ಇರಲಿಲ್ಲ.

ಎಣ್ಣೆ ಕುಡಿದ ಬಿಲ್ಲೆಯನ್ನು ಬಿಸಾಡಿ, ತಟ್ಟೆಯನ್ನು ಒರೆಸಿ ಒಣಗಿಸಿ, ಹೊಸ ಬಿಲ್ಲೆ ಕೂರಿಸಿದ. ಎಲ್ಲರನ್ನೂ ದೂರ ನಿಲ್ಲಿಸಿ ತಾನೇ ಪಂಪು ಎತ್ತಿ ಗುಂಡಿ ಬಿಟ್ಟ. ಪಂಪು ಎಳ್ಳಷ್ಟೂ ಜಾರಲಿಲ್ಲ.

ಚಿಂದಿಯಿಂದ ಕೈ ಉಜ್ಜಿದ, ಮತ್ತೆ ಉಜ್ಜಿದ. ಎಣ್ಣೆ ಹೋಗಲಿಲ್ಲ.

"ಥೂ!"

"ಸರಿ ಹೋಯ್ತಲ್ಲಣ್ಣ, ಇನ್ಯಾರಿಗೆ ಈ ಥೂ?"

"ನಂಗೇ ಕಣೇ. ಬೂಟು ಬಿಚ್ಚು, ಬೆರಳು ನೋಡ್ಬೇಕು," ಎಂದು ಅವಳ ಕಾಲ ಬಳಿ, ಆ ಗ್ರೀಸಿನ ನೆಲದ ಮೇಲೆಯೇ ಕುಳಿತ.