ಬ್ರೇಕಿನಲ್ಲೂ ದಾಕ್ಷಿಣ್ಯ

ಓಡುತ್ತಿರುವ ವಾಹನವನ್ನು ನಮ್ಮ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ವಾಹನದ ಒಂದು ಚಕ್ರ ಬಿಚ್ಚಿ, ಜಾಕಿನ ಮೇಲೆ ಎತ್ತಿ, ಮನೆಯ ಮುಂದೆ ನಿಲ್ಲಿಸಿ ನೋಡಿ: ತರಕಾರಿ ಚೀಲ ಹಿಡಿದವರು, ವಾಕಿಂಗ್ ಹೊರಟವರು, ಜನ್ಮದಲ್ಲಿ ಸೈಕಲ್ಲಿನಾಚೆಗೆ ಯಾವ ವಾಹನದ ಸಹವಾಸವನ್ನೂ ಮಾಡದ ಸಾತ್ವಿಕರು ಕೂಡ ಒಂದು ಕ್ಷಣ ನಿಂತು, ಬಗ್ಗಿ, ಚಕ್ರವಿಲ್ಲದ ಆ ಜಾಗವನ್ನು ದಿಟ್ಟಿಸಿ, "ಛೆ" ಎನ್ನುತ್ತಾರೆ. ಹಾಗೆ "ಛೆ" ಎಂದವರು ಸುಮ್ಮನೆ ಹೋಗುವುದಿಲ್ಲ. ಒಂದು ಸಲಹೆಯನ್ನು ಇಟ್ಟೇ ಹೋಗುತ್ತಾರೆ. ಕಾಯಿಲೆಯವರ ಮನೆಗೆ ಬರುವಾಗಲಾದರೂ ಜನ ಎರಡು ಮೂಸಂಬಿ ತರುತ್ತಾರೆ. ಕೆಟ್ಟ ವಾಹನಕ್ಕೆ ಬರಿಯ ಸಲಹೆಯೇ ನೈವೇದ್ಯ.

ಹಾಗೆ ಜಾಕಿನ ಮೇಲೆ ನಿಂತದ್ದು ನಮ್ಮ ಪಿಕಪ್ ವ್ಯಾನು. 'ನಮ್ಮ' ಎಂಬುದು ಗಂಡಸಿನ ಅಹಂಕಾರ. ಅದು ನನ್ನ ಹೆಂಡತಿ ಜಯಳದು. ಬನಶಂಕರಿಯ ಎರಡನೇ ಹಂತದಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಅವಳು ಗಿಡಗಳ ನರ್ಸರಿ ನಡೆಸುತ್ತಾಳೆ. ದಿನಾ ಬೆಳಿಗ್ಗೆ ಗುಲಾಬಿ, ಕ್ರೋಟನ್, ದಾಸವಾಳಗಳ ಕುಂಡಗಳನ್ನು ಹಿಂದೆ ಹೇರಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜಯನಗರ, ಜೆ.ಪಿ. ನಗರಗಳ ಹೊಸ ಮನೆಗಳಿಗೆ ಹೊರಡುತ್ತಾಳೆ. ವ್ಯಾನಿನ ಮೂತಿ ಜೀಪಿನದು, ಬೆನ್ನು ಲಾರಿಯದು, ಕೆಮ್ಮು ನನ್ನದೇ. ನಾನು ಒಂದು ಕಚೇರಿಯಲ್ಲಿ ಮೇಜು ಹಿಡಿದು ಕುಳಿತವನು. ಪರಸ್ಪರ ಮುಖ ನೋಡದ ಇಬ್ಬರು ಮೇಲಧಿಕಾರಿಗಳು ಒಂದೇ ಟಿಪ್ಪಣಿಯನ್ನು ಓದಿ, ಇಬ್ಬರೂ ತಮ್ಮ ಪಕ್ಷವೇ ಗೆದ್ದಿತೆಂದು ಭಾವಿಸುವ ಹಾಗೆ ಬರೆಯುವುದರಲ್ಲಿ ನನಗೆ ಸ್ವಲ್ಪ ಹೆಸರಿದೆ.

ವಾಹನ ಓಡಿಸಲು ನಾನು ಕಲಿಯಲಿಲ್ಲ. ಆದರೆ ಅದರ ಅಂಗಾಂಗಗಳಲ್ಲಿ ನನಗೆ ಆತ್ಮೀಯವಾದದ್ದು ಒಂದಿದೆ, ಅದು ಬ್ರೇಕು. ಎಂಜಿನ್ನು ಮಹತ್ವಾಕಾಂಕ್ಷಿ, ಹಾರನ್ನು ಬಾಯಿಬಡುಕ. "ಇರಲಿ, ಸ್ವಲ್ಪ ತಾಳು, ಯಾತಕ್ಕೂ ಇನ್ನೊಂದು ಸಲ ಯೋಚಿಸು" ಎನ್ನುವ ಗೃಹಸ್ಥ ಇಡೀ ವಾಹನದಲ್ಲಿ ಅದೊಂದೇ. ಆದ್ದರಿಂದ ಒಂದು ಸೋಮವಾರ ವ್ಯಾನಿನ ಮುಂದಿನ ಚಕ್ರಗಳು ಕರ್ ಎಂದು ಹಲ್ಲು ಕಡಿಯತೊಡಗಿದಾಗ, "ಬ್ರೇಕಿನ ವಿಷಯ ನನಗೆ ಬಿಡು" ಎಂದು ನಾನೇ ಮುಂದೆ ಬಂದೆ. ಜಯ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಿಡ್ತೀನಿ ಕಣ್ರೀ. ಆದ್ರೆ ಶನಿವಾರ ಸಾಯಂಕಾಲದೊಳಗೆ ಗಾಡಿ ನಿಂತಿರ್ಬೇಕು. ಅಂದ್ರೆ, ನಿಲ್ಲಿಸಿದ್ರೆ ನಿಲ್ಲೋ ಹಾಗಿರ್ಬೇಕು."

ಶನಿವಾರದ ಮಹತ್ವ ಇಷ್ಟು. ಜೆ.ಪಿ. ನಗರದಲ್ಲಿ ಒಬ್ಬರು ದೊಡ್ಡ ಮನೆ ಕಟ್ಟಿಸಿ ಭಾನುವಾರ ಗೃಹಪ್ರವೇಶ ಇಟ್ಟುಕೊಂಡಿದ್ದರು. ಇಡೀ ಕಾಂಪೌಂಡಿಗೆ ಬೇಕಾದ ಗಿಡಗಳನ್ನೆಲ್ಲ ಜಯಳಿಗೆ ಹೇಳಿದ್ದರು. ಅಲ್ಲಿಯವರೆಗೆ ಒಂದು ಗುಲಾಬಿ, ಎರಡು ತುಳಸಿ ಎಂದು ಚಿಲ್ಲರೆಯಾಗಿ ಮಾರುತ್ತಿದ್ದವಳಿಗೆ ಅದು ಮೊದಲ ದೊಡ್ಡ ಆರ್ಡರು. ಶನಿವಾರ ಸಂಜೆಗೆ ಗಿಡ ಬಾರದಿದ್ದರೆ ಲಾಲ್‌ಬಾಗಿನ ಕಡೆಯವರಿಂದ ತರಿಸುತ್ತೇವೆ ಎಂದು ಆ ಯಜಮಾನರು ವಿನಯದಿಂದಲೇ ತಿಳಿಸಿದ್ದರು. ಒಂದು ವಾರದಿಂದ ಜಯ ಆ ಗಿಡಗಳ ಒಂದೊಂದು ಎಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನನ್ನ ಕನ್ನಡಕಕ್ಕೆ ಆ ಭಾಗ್ಯ ಎಂದೂ ಬಂದದ್ದಿಲ್ಲ.

ಮಂಗಳವಾರ ಚಕ್ರ ಬಿಚ್ಚಿಸಿದೆ. ಚಕ್ರದ ಒಳಗೆ ಡ್ರಮ್ಮು ಎಂಬ ಒಂದು ಕಬ್ಬಿಣದ ಬೋಗುಣಿ. ಬ್ರೇಕು ಒತ್ತಿದಾಗ ಅದರ ಒಳಮೈಯನ್ನು ಹಿಡಿದು ನಿಲ್ಲಿಸಲು ಅರ್ಧಚಂದ್ರಾಕೃತಿಯ ಎರಡು ಶೂಗಳು. ಅವುಗಳ ಮೇಲೆ ಚರ್ಮದಂತೆ ಹೊದಿಸಿದ ಲೈನಿಂಗು. ನಮ್ಮ ಲೈನಿಂಗು ಸವೆದು ಸವೆದು ಅದರ ಮೊಳೆಗಳು ಡ್ರಮ್ಮಿನ ಮೈಯನ್ನು ಗೀರಿಬಿಟ್ಟಿದ್ದವು. ಇನ್ನು ಏನು ಮಾಡುವುದು? ಡ್ರಮ್ಮನ್ನು ಹೊಸದು ಕೊಳ್ಳುವುದೋ, ಹಳೆಯದನ್ನೇ ಲೇತ್ ಯಂತ್ರದಲ್ಲಿ ತಿರುಗಿಸಿ, ಹೆರೆಸಿ, ನಯ ಮಾಡಿಸುವುದೋ? ಲೈನಿಂಗು ಗಟ್ಟಿಯದೋ, ಮೆತ್ತನೆಯದೋ? ಗಟ್ಟಿಯದು ಬಹುಕಾಲ ಬರುತ್ತದೆ, ಆದರೆ ಡ್ರಮ್ಮನ್ನು ತಿನ್ನುತ್ತದೆ. ಮೆತ್ತನೆಯದು ಡ್ರಮ್ಮನ್ನು ಉಳಿಸಿ ತಾನು ಸವೆಯುತ್ತದೆ. ಇದನ್ನು ಮೆಕ್ಯಾನಿಕ್ಕನ ಬಾಯಿಂದ ಕೇಳಿದಾಗ ನನಗೆ ನಮ್ಮ ಬಂಧುಬಳಗದ ಎಷ್ಟೋ ದಂಪತಿಗಳು ಕಣ್ಣ ಮುಂದೆ ಬಂದರು; ಯಾರು ಲೈನಿಂಗು, ಯಾರು ಡ್ರಮ್ಮು ಎಂದು ವಿಂಗಡಿಸುತ್ತ ಕುಳಿತು ಅರ್ಧ ದಿನದ ರಜೆ ಕಳೆದೆ.

ಅಷ್ಟರಲ್ಲಿ ಎಡಪಕ್ಕದ ಮನೆಯ ರಾಯರು ಬಂದರು. ರಾಯರು ನಿವೃತ್ತ ಎಂಜಿನಿಯರು. ಬೀದಿಗೆಲ್ಲ ಟೆಲಿಫೋನು ಇರುವುದು ಅವರ ಮನೆಯಲ್ಲೊಂದೇ, ಜಯಳ ಗಿರಾಕಿಗಳೆಲ್ಲ ಅಲ್ಲಿಗೇ ಫೋನು ಮಾಡುವುದು, ರಾಯರು ಕಾಂಪೌಂಡಿನ ಮೇಲಿಂದ "ಜಯಾ, ಫೋನಮ್ಮಾ!" ಎಂದು ಕೂಗುವುದು. ಇಂಥವರ ಮಾತನ್ನು ತೆಗೆದುಹಾಕುವುದು ಹೇಗೆ? ಅವರು ಬಗ್ಗಿ, ಡ್ರಮ್ಮಿನ ಮೇಲೆ ಬೆರಳಾಡಿಸಿ, ತೀರ್ಪು ಕೊಟ್ಟರು.

"ನೋಡಿ ಸ್ವಾಮಿ, ಡ್ರಮ್ಮು ಹೊಸದು ಹಾಕ್ಸಿ, ಲೈನಿಂಗು ಗಟ್ಟೀದು ಹಾಕ್ಸಿ. ಮೆತ್ತಗಿರೋದು ಇಡ್ಲಿ ಇರ್ಬೇಕು, ಬ್ರೇಕಲ್ಲ. ಫಾರಿನ್ನಲ್ಲಿ ಈಗ ಊಟದ ತಟ್ಟೆ ಥರ ಬ್ರೇಕ್ ಬಂದಿದೆ, ಗೊತ್ತಾ? ನಮ್ಮ ಕಾಲಕ್ಕೆ ಅದು ಬರಲ್ಲ, ಬಿಡಿ."

"ಖಂಡಿತ ರಾಯರೇ, ಹಾಗೇ ಮಾಡಿಸ್ತೀನಿ" ಎಂದೆ.

ಸಂಜೆಗೆ ಜಯಳ ತಮ್ಮ ಮೂರ್ತಿ ಬಂದ. ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಅವನಿಗೆ ಟೈರಿನ ವ್ಯಾಪಾರ. ಈ ಪಿಕಪ್ಪನ್ನು ಹುಡುಕಿ ಕೊಡಿಸಿದವನು ಅವನೇ, ಅಕ್ಕನಿಗೆ ಓಡಿಸಲು ಕಲಿಸಿದವನೂ ಅವನೇ. ಅವನಿಗೆ ಈ ವ್ಯಾನಿನ ಮೇಲೆ ಸೋದರಮಾವನ ಹಕ್ಕು.

"ಹೊಸ ಡ್ರಮ್ ಯಾಕ್ ಭಾವ? ಹಳೇ ಡ್ರಮ್ಮು ಚಿನ್ನ ಇದ್ದಂಗಿದೆ. ಲೇತಲ್ಲಿ ಒಂದು ಕಟ್ ಹೊಡ್ಸಿ, ಮೆತ್ತಗಿರೋ ಲೈನಿಂಗ್ ಹಾಕ್ಸಿ. ಸಖತ್ತಾಗಿ ಹಿಡಿಯತ್ತೆ. ಗಟ್ಟೀದು ಹಾಕ್ಸಿ ಅಂದೋರು ಯಾರು?"

"ಯಾರೂ ಅನ್ನಲಿಲ್ಲಪ್ಪ. ನೀನು ಹೇಳಿದ ಹಾಗೇ ಮಾಡಿಸ್ತೀನಿ" ಎಂದೆ.

ಬುಧವಾರ, ಗುರುವಾರಗಳು ಚಿಂತೆಯಲ್ಲಿ ಕಳೆದವು. ರಾಯರ ಮಾತಿನಂತೆ ನಡೆದರೆ ಮೂರ್ತಿ ಹಬ್ಬಕ್ಕೆ ಬಂದಾಗ ಹೋಳಿಗೆ ಬೇಡ ಅನ್ನುತ್ತಾನೆ. ಮೂರ್ತಿಯ ಮಾತಿನಂತೆ ನಡೆದರೆ ರಾಯರ ಫೋನು ಬಂದದ್ದು ನಮಗೆ ಕೇಳಿಸುವುದಿಲ್ಲ. ಇಂಥ ಧರ್ಮಸಂಕಟದಲ್ಲಿ ನನ್ನ ಕಚೇರಿಯ ಅನುಭವ ಕೈಹಿಡಿಯಿತು. ಮುಂದಿನ ಚಕ್ರಗಳು ಎರಡು; ಸಲಹೆಗಾರರೂ ಇಬ್ಬರು. ಪರಮಾತ್ಮನೇ ಹೊಂದಿಸಿಟ್ಟಂತಿದ್ದ ಈ ಲೆಕ್ಕವನ್ನು ಕಂಡು ಗುರುವಾರ ಸಂಜೆ ನಾನು ಗಟ್ಟಿಯಾಗಿ ನಕ್ಕೆನಂತೆ. ಜಯ ಒಳಗಿನಿಂದ ಬಂದು ಹಣೆ ಮುಟ್ಟಿ ನೋಡಿದಳು.

ಶುಕ್ರವಾರ ಬಲಚಕ್ರಕ್ಕೆ ರಾಯರ ಮತದಂತೆ ಹೊಸ ಡ್ರಮ್ಮು, ಗಟ್ಟಿ ಲೈನಿಂಗು. ಎಡಚಕ್ರಕ್ಕೆ ಮೂರ್ತಿಯ ಮತದಂತೆ ನಯ ಮಾಡಿಸಿದ ಹಳೆಯ ಡ್ರಮ್ಮು, ಮೆತ್ತನೆಯ ಲೈನಿಂಗು. ಮೆಕ್ಯಾನಿಕ್ ಬಾಷಾ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಏನ್ ಸಾರ್ ಇದು, ಎರಡು ಸಂಸಾರನಾ?"

"ಹಾಕಪ್ಪ, ಇಬ್ಬರೂ ಬೇಕಾದವರು. ಯಾರ ಮಾತನ್ನೂ ಮೀರಕ್ಕಾಗಲ್ಲ."

"ನಂಗೂ ನಿಮ್ಮ ಮಾತು ಮೀರಕ್ಕಾಗಲ್ಲ ಸಾರ್" ಎಂದು ಬಾಷಾ ನಿಟ್ಟುಸಿರಿಟ್ಟು ಹಾಕಿಬಿಟ್ಟ. ದಾಕ್ಷಿಣ್ಯ ನೆಗಡಿಯ ಹಾಗೆ, ಹತ್ತಿರ ನಿಂತವರಿಗೆ ಅಂಟುತ್ತದೆ.

ಶನಿವಾರ ಬೆಳಿಗ್ಗೆ ಜಯ ಖಾಲಿ ವ್ಯಾನನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಹೊರಟಳು. ನಾನು ಗೇಟಿನಲ್ಲಿ ನಿಂತು, ಮಗಳನ್ನು ನೃತ್ಯಕ್ಕೆ ವೇದಿಕೆ ಹತ್ತಿಸಿದ ತಂದೆಯಂತೆ ನೋಡುತ್ತಿದ್ದೆ. ಬೀದಿಯ ತುದಿಯಲ್ಲಿ ತಿರುಗಿಸಿಕೊಂಡು ವ್ಯಾನು ಬಂತು; ನಮ್ಮ ಗೇಟನ್ನು ಸ್ವಲ್ಪ ದಾಟಿದ ಮೇಲೆ ಜಯ ಬ್ರೇಕು ಒತ್ತಿದಳು. ಎಡಗಡೆಯ ಮೆತ್ತನೆಯ ಲೈನಿಂಗು ಕೂಡಲೇ ಹಿಡಿಯಿತು. ಬಲಗಡೆಯ ಗಟ್ಟಿ ಲೈನಿಂಗು ನನ್ನಂತೆಯೇ ಇನ್ನೂ ಆಲೋಚಿಸುತ್ತಿತ್ತು. ಒಂದು ಕಾಲು ನಿಂತು ಇನ್ನೊಂದು ನಡೆದರೆ ಮನುಷ್ಯ ಏನಾಗುತ್ತಾನೋ ವ್ಯಾನೂ ಅದೇ ಆಯಿತು: ಎಡಕ್ಕೆ ಹೊರಳಿ, ಫುಟ್‌ಪಾತ್ ಹತ್ತಿ, ರಾಯರ ಮನೆಯ ಹಸಿರು ಬೇಲಿಯೊಳಗೆ ಮೂತಿ ಹುದುಗಿಸಿ ನಿಂತಿತು. ಮೂರ್ತಿಯ ಲೈನಿಂಗು ರಾಯರ ಬೇಲಿಗೆ ನುಗ್ಗಿತ್ತು.

ಜಯಳಿಗೆ ಏನೂ ಆಗಿರಲಿಲ್ಲ. ನಾನು ಓಡಿಹೋಗಿ ನೋಡಿದಾಗ ಅವಳು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದಳು. ಅವಳ ಕಣ್ಣು ಬೇಲಿಯ ಮೇಲಿರಲಿಲ್ಲ. ಪಕ್ಕದ ಸೈಟಿನಲ್ಲಿ ಸಾಲಾಗಿ ಹೊರಟುನಿಂತಿದ್ದ ಕುಂಡಗಳ ಮೇಲಿತ್ತು. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ, ಕಣ್ಣು ಒರೆಸಿಕೊಂಡಳು. ನಾನು ಸಲಹೆಗಾರರ ಮನಸ್ಸನ್ನು ತೂಗಿ ನೋಡಿದ್ದೆ. ವಾರವೆಲ್ಲ ಎಲೆ ಒರೆಸಿದವಳ ಮನಸ್ಸನ್ನು ತಕ್ಕಡಿಗೆ ಹಾಕಿಯೇ ಇರಲಿಲ್ಲ.

ಸದ್ದಿಗೆ ರಾಯರು ಓಡಿಬಂದರು. ಗಿಡ ಹೇರಲು ನೆರವಾಗಲೆಂದು ಆಗತಾನೇ ಸ್ಕೂಟರಿನಲ್ಲಿ ಬಂದ ಮೂರ್ತಿಯೂ ಸೇರಿಕೊಂಡ. ಹೀಗೇಕಾಯಿತೆಂದು ಹೇಳಲೇಬೇಕಾಯಿತು; ನನ್ನ ಸಂಧಾನ ಸೂತ್ರ ಇಬ್ಬರ ಎದುರಿಗೂ ಏಕಕಾಲಕ್ಕೆ ಬಯಲಾಯಿತು.

"ಏನ್ರೀ, ಒಂದು ಕಡೆಗೆ ಮಾತ್ರ ನನ್ನದಾ? ನಾನು ಹೇಳಿದ್ದು ಗಾಡಿಗೆ ಸ್ವಾಮಿ, ಅರ್ಧ ಗಾಡಿಗಲ್ಲ!"

"ನಿಮ್ಮ ಗಟ್ಟೀದು ಹಿಡೀಲಿಲ್ಲ ಸಾರ್, ಅದಕ್ಕೇ ಹಿಂಗಾಯ್ತು!"

"ನಿಂದು ಅತಿಯಾಗಿ ಹಿಡೀತಪ್ಪ! ನನ್ನ ಬೇಲಿ ನೋಡು!"

ಜಯ ಕೆಳಗಿಳಿದಳು. ಸೆರಗನ್ನು ಇನ್ನೊಂದು ಸಲ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಮೂರ್ತಿ, ನಿಮ್ಮ ಲೇತಿನೋನು ಇವತ್ತು ಅಂಗಡಿ ತೆಗೀತಾನಾ?"

"ಶನಿವಾರ ಅವನಿಗೆ ರಜ ಅಕ್ಕ."

"ಸರಿ ಹಾಗಾದ್ರೆ. ಇನ್ನೊಂದು ಹೊಸ ಡ್ರಮ್ಮು, ಗಟ್ಟಿ ಲೈನಿಂಗು. ನೀನೇ ಹೋಗಿ ಆರಿಸ್ಕೊಂಡು ಬಾ, ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಾಗಲ್ಲ. ರಾಯರೇ, ಜೆ.ಪಿ. ನಗರಕ್ಕೆ ಒಂದು ಫೋನ್ ಮಾಡಿ, ಕತ್ತಲಾಗೋದರೊಳಗೆ ಗಿಡ ಬರತ್ತೆ ಅಂತ ನೀವೇ ಹೇಳ್ಬಿಡಿ. ಎಂಜಿನಿಯರ್ ಹೇಳಿದ್ರೆ ನಂಬ್ತಾರೆ. ನಿಮ್ಮ ಬೇಲಿ ನಾನು ನೆಟ್ಟುಕೊಡ್ತೀನಿ."

"ನಾನು?" ಎಂದೆ.

"ನೀವು ಯಾರನ್ನೂ ಏನೂ ಕೇಳ್ಬೇಡಿ" ಎಂದಳು.

ಮುಂದೆ ನಡೆದದ್ದನ್ನು ನಾನು ನಮ್ಮ ಜಗಲಿಯ ಮೇಲೆ ಕುಳಿತು ಬೆರಗಿನಿಂದ ನೋಡಿದೆ. ಗಟ್ಟಿ ಲೈನಿಂಗನ್ನು ಹೀಗಳೆದಿದ್ದ ಮೂರ್ತಿ ಅದನ್ನೇ ಹುಡುಕಿ ತಂದು, "ಎಲ್ಲಾ ತಿರುವಿ ತಿರುವಿ ನೋಡಿ, ಫಸ್ಟ್ ಕ್ಲಾಸಾಗಿರೋದನ್ನ ತಂದೆ ಅಕ್ಕ" ಎಂದು ಬೀಗಿದ. ರಾಯರು ಫೋನು ಮಾಡಿದ್ದಲ್ಲದೆ, ಬಾಷಾ ಚಕ್ರ ಕೂರಿಸುವಾಗ ಟಾರ್ಚು ಹಿಡಿದು ನಿಂತರು. ಮೂರ್ತಿ ಕಾಫಿ ಹೀರುತ್ತ ರಾಯರಿಗೆ ಟೈರಿನ ರಹಸ್ಯಗಳನ್ನು ಬೋಧಿಸಿದ. ರಾಯರು ಅವನಿಗೆ ಊಟದ ತಟ್ಟೆಯಂಥ ಬ್ರೇಕನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಯಾರ ಮುಖದಲ್ಲಿಯೂ ಮುನಿಸಿನ ಸುಳಿವಿಲ್ಲ. ನಾನು ಇವರ ಮಾತನ್ನು ಶಿರಸಾವಹಿಸಿ ಇಬ್ಬರನ್ನೂ ನೋಯಿಸಿದ್ದೆ. ಅವಳು ಒಬ್ಬರ ಮಾತನ್ನು ಪೂರ್ತಿ ತಳ್ಳಿಹಾಕಿ, ಇಬ್ಬರ ಕೈಗೂ ಒಂದೊಂದು ಕೆಲಸ ಕೊಟ್ಟು ಗೆದ್ದುಕೊಂಡಳು. ಸಲಹೆ ಕೊಡುವವರು ಅದು ನಡೆಯಲೇಬೇಕೆಂದು ಬಯಸುತ್ತಾರೆಂಬುದು ನಮ್ಮಂಥವರ ಭ್ರಮೆ. ಬಹುಪಾಲು ಜನ ಬಯಸುವುದು ಆ ಗಾಡಿಯ ಸುತ್ತ ತಮಗೂ ಒಂದು ಜಾಗ. ಅದನ್ನು ಬೀದಿಯಲ್ಲೇ ಕೊಡಬಹುದು, ಚಕ್ರದೊಳಗೇ ಕೊಡಬೇಕಾಗಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ಖಾಲಿ ವ್ಯಾನು ನೆಟ್ಟಗೆ ನಿಲ್ಲುವುದನ್ನು ಜಯ ನಾಲ್ಕಾರು ಸಲ ಪರೀಕ್ಷಿಸಿದ್ದಳು. ಈಗ ಗಿಡಗಳ ಭಾರದಲ್ಲೂ ಅದು ಎಡ ಬಲ ನೋಡದೆ ನಿಂತಿತು. ಜೆ.ಪಿ. ನಗರ ತಲುಪಿದಾಗ ಆ ಮನೆಯವರು ಗೇಟಿನಲ್ಲೇ ಕಾಯುತ್ತಿದ್ದರು. ಕುಂಡಗಳು ಇಳಿದವು, ಕಾಂಪೌಂಡು ಹಸಿರಾಯಿತು, ಜಯಳ ಮುಖವೂ ಅರಳಿತು. ಇನ್ನು ಗೇಟಿನ ಎರಡು ಕಂಬಗಳ ಬುಡ ಮಾತ್ರ ಉಳಿದಿತ್ತು.

"ಇಲ್ಲಿ ಕ್ರೋಟನ್ ಇಡೋಣ, ಗಂಭೀರವಾಗಿರತ್ತೆ" ಎಂದರು ಯಜಮಾನರು.

"ಗೃಹಪ್ರವೇಶಕ್ಕೆ ಯಾರಾದ್ರೂ ಬರೀ ಎಲೆ ಇಡ್ತಾರಾ? ಗುಲಾಬಿ ಇಡಿ" ಎಂದರು ಅವರ ಪತ್ನಿ.

ಎರಡು ಮೂರು ಸಲ ಎಲೆ, ಹೂವು ಎಂದಾಡಿಕೊಂಡು, ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಬಿಳಿ ಷರಟು, ಕನ್ನಡಕ. ನೋಡಿದವರಿಗೆ ನಾನು ನ್ಯಾಯಸ್ಥಾನದ ಹಾಗೆ ಕಾಣುತ್ತೇನೆ. "ನೀವೇ ಹೇಳಿಬಿಡಿ ಸಾರ್."

ಕಂಬಗಳು ಎರಡು. ಅಭಿಪ್ರಾಯಗಳೂ ಎರಡು. ನನ್ನ ಮುಖದ ಮೇಲೆ ಗುರುವಾರ ಸಂಜೆಯ ನಗು ಮೂಡಿರಬೇಕು. "ಅದಕ್ಕೇನಂತೆ, ಈ ಕಡೆಗೆ ಒಂದು..." ಎಂದು ಆರಂಭಿಸಿದೆ. ಆಗತಾನೇ ಕವಿಯುತ್ತಿದ್ದ ಕತ್ತಲಲ್ಲಿ ಯಾರಿಗೂ ಕಾಣದ ಹಾಗೆ, ಜಯಳ ಚಪ್ಪಲಿಯ ಪಾದ ಬಂದು ನನ್ನ ಪಾದದ ಮೇಲೆ ಕುಳಿತು, ಒತ್ತಿತು.

ನಾನು ನಿಂತೆ. ಕಿರ್ರೆನ್ನದೆ, ಹೊರಳದೆ, ಇದ್ದ ಜಾಗದಲ್ಲೇ ನಿಂತೆ.

"ಗುಲಾಬಿ" ಎಂದೆ.

ಆ ತಾಯಿಯ ಮುಖ ಅರಳಿತು. ಯಜಮಾನರದು ಸ್ವಲ್ಪ ಬಾಡಿತು. "ಸಾರ್, ಯಾವ ಗುಲಾಬಿ ಎಲ್ಲಿಡ್ಬೇಕು ನೀವೇ ತೋರಿಸಿ, ನಿಮ್ಮ ಮನೆ ನಿಮಗೇ ಗೊತ್ತು" ಎಂದಳು ಜಯ. ಅವರು ಕೂಡಲೇ ಪಂಚೆ ಎತ್ತಿ ಕಟ್ಟಿ, ಎರಡು ಕೈಯಲ್ಲಿ ಕುಂಡ ಎತ್ತಿಕೊಂಡು, "ಇಲ್ಲಾದ್ರೆ ಬೆಳಗಿನ ಬಿಸಿಲು ಬೀಳತ್ತೆ" ಎಂದು ಹೆಂಡತಿಗೆ ವಿವರಿಸತೊಡಗಿದರು.

ಅವರು ಎರಡನೆಯ ಕುಂಡವನ್ನು ಇಟ್ಟು, ದೂರ ನಿಂತು ತಲೆದೂಗುವವರೆಗೂ ಜಯಳ ಕಾಲು ನನ್ನ ಕಾಲಿನ ಮೇಲೆಯೇ ಇತ್ತು. ನೋವೇನೋ ಆಗುತ್ತಿತ್ತು. ತೆಗೆ ಎನ್ನಲು ದಾಕ್ಷಿಣ್ಯ.