ಸರ್ವರಿನ ಬೆನ್ನ ಹಿಂದಿನ ಬಿಸಿಗಾಳಿ

ಆ ಮಳೆಗಾಲದಲ್ಲಿ ಊಟ ಮಾಡುವಾಗಲೂ ಫೋನು ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಕಾರವಾರದ ಒಂದು ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆ ನನ್ನ ಸುಪರ್ದಿಯಲ್ಲಿತ್ತು. ಒಳಗೆ ಸೆಕೆ ಮಿತಿ ಮೀರಿದರೆ ಫೋನಿಗೆ ಎಚ್ಚರಿಕೆ ಬರುತ್ತಿತ್ತು. ಅದಾಗಲೇ ಎರಡು ಸಲ ಸರ್ವರ್ ಕಾದು ತಾನಾಗಿಯೇ ಬಂದ್ ಆಗಿ, ಅಂಕೋಲೆ, ಬೇಲೆಕೇರಿ ಎಲ್ಲ ಶಾಖೆಗಳಲ್ಲೂ ಕೌಂಟರ್ ನಿಂತುಹೋಗಿತ್ತು. ಮೀನು ಮಾರಿ ಬಂದ ಹೆಂಗಸರು ಕಾದು ಕಾದು ನಮಗೆಲ್ಲ ಮಂಗಳಾರತಿ ಎತ್ತಿ ಹೋಗಿದ್ದರು. ಇನ್ನೊಮ್ಮೆ ಹೀಗಾದರೆ ಸರ್ವರನ್ನೇ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ಒಯ್ಯುತ್ತೇವೆ ಎಂದು ಅಲ್ಲಿನ ಸಾಹೇಬರು ಹೇಳಿಬಿಟ್ಟಿದ್ದರು. ಅದು ಹೋದರೆ ನನ್ನ ಕೆಲಸವೂ ಹೋದ ಹಾಗೆಯೇ. ಗಂಡನ ನೌಕರಿ ಇಲ್ಲೇ ಮಲ್ಲಾಪುರದಲ್ಲಿ. ನಾನೊಬ್ಬಳೇ ಹುಬ್ಬಳ್ಳಿಗೆ ಹೋಗಿ ಏನು ಮಾಡಲಿ?

ಸಾಹೇಬರು ಸೋಮವಾರ ಬರುವವರಿದ್ದರು. ಶುಕ್ರವಾರ ಮಧ್ಯಾಹ್ನ ಮತ್ತೆ ಎಚ್ಚರಿಕೆ ಬಂತು. ಎಸಿಯನ್ನು ಇನ್ನೂ ತಂಪು ಮಾಡಿದೆ. ನನಗೆ ನಡುಕ ಬಂತೇ ಹೊರತು ಸರ್ವರ್ ಕಾಯುವುದು ನಿಲ್ಲಲಿಲ್ಲ. ದರಿದ್ರದ್ದು! ಎದುರಿನಿಂದ ತಂಪು ಗಾಳಿ ಎಳೆದುಕೊಂಡು ಬೆನ್ನ ಹಿಂದೆ ಬಿಸಿ ಗಾಳಿ ಬಿಡುವುದು ಅದರ ಕ್ರಮ. ಹಿಂದೇನಾಗಿದೆ ನೋಡೋಣವೆಂದು ಸರ್ವರ್ ಇಟ್ಟ ಕಪಾಟು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತೂರಿದೆ.

ಕಪಾಟಿನ ಜಾಲರಿ ಬಾಗಿಲ ತುಂಬ ಪುಟ್ಟ ಪುಟ್ಟ ಬಟ್ಟೆಗಳು! ಹಳೇ ಸೀರೆ ಹರಿದು ಮಾಡಿದ ಕೂಸಿನ ಲಂಗೋಟಿಗಳು, ಒಂದು ಕುಂಚಿಗೆ. ದಾರಿ ಸಿಗದ ಬಿಸಿಗಾಳಿ ಕಪಾಟಿನೊಳಗೇ ತಿರುಗಿ ಎದುರಿಗೆ ಬರುತ್ತಿತ್ತು, ಸರ್ವರ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು.

ಆಫೀಸು ಗುಡಿಸುವ ಮಾವಶಿ ಬೆಳಂಬಾರದವರು. ಹೆರಿಗೆಗೆ ಬಂದ ಮಗಳು ಮನೆಯಲ್ಲಿ ಬಾಣಂತಿ. ಅವರನ್ನು ಕರೆದು ಕೂಗಾಡಿದೆ.

"ಇದೆಂತ ಮಾಡಿಟ್ಟಿದ್ದೀರಿ ಮಾವಶೀ? ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ಬಿಸ್ಲು ಕಂಡು ಎಷ್ಟ್ ದಿವ್ಸ ಆಯ್ತು ಬಾಯೋರೆ! ಹಸಿ ಬಟ್ಟೆ ಸುತ್ತಿ ಸುತ್ತಿ ಕೂಸಿಗೆ ಥಂಡಿ ಹಿಡ್ದದೆ. ಮೊದ್ಲಾದ್ರೆ ಕೆಂಡದ ಮೇಲೆ ಬುಟ್ಟಿ ಮಗುಚಿ ಒಣಗಸ್ತಿದ್ರು. ಈಗ ಮನೇಲಿ ಗ್ಯಾಸು, ಕೆಂಡ ಎಲ್ಲಿಂದ ತರೂದು? ಇಲ್ಲಿ ಬಿಸಿಗಾಳಿ ಸುಮ್ನೆ ಹೋಗೂದಲ್ಲ ಅಂತ ಹಾಕ್ದೆ."

ಪಾಪ ಅನ್ನಿಸಿತು, ಆದರೂ ಸಿಟ್ಟು ಇಳಿಯಲಿಲ್ಲ. ಬಟ್ಟೆ ತೆಗೆದ ಸ್ವಲ್ಪ ಹೊತ್ತಿಗೆ ಸೆಕೆ ಇಳಿಯಿತು. "ಸಾಹೇಬ್ರಿಗೆ ಹೇಳ್ಬೇಡಿ, ಕೆಲ್ಸದಿಂದ ತೆಗೀತ್ರು" ಎಂದು ಮಾವಶಿ ಕೈ ಹಿಡಿದರು. ನಾನು ಕೈ ಬಿಡಿಸಿಕೊಂಡು ಬಟ್ಟೆಗಳ ಗಂಟು ಅವರ ಕೈಗಿಟ್ಟೆ. ಮರುದಿನ ಕಪಾಟಿನ ಖಾಲಿ ಕಿಂಡಿಗಳಿಗೆಲ್ಲ ತಗಡು ಕತ್ತರಿಸಿ ಹಾಕಿಸಿದೆ, ಬಿಸಿಗಾಳಿ ಹಿಂದಿನಿಂದ ಎದುರಿಗೆ ನುಸುಳದ ಹಾಗೆ. ಎಸಿ ಮೊದಲಿನಷ್ಟು ತಂಪಿಗೆ ಇಡುವುದೂ ಬೇಕಾಗಲಿಲ್ಲ. ಆದರೂ ಭಾನುವಾರವಿಡೀ ಫೋನು ನೋಡುತ್ತಲೇ ಕಳೆದೆ.

ಸೋಮವಾರ ಸಾಹೇಬರು ಬಂದು ಎಲ್ಲ ನೋಡಿದರು.

"ಈಗ ಛಲೋ ಐತಿ. ಮೊದಲ ಯಾಕ ಬಿಸಿ ಆಗ್ತಿತ್ತು?"

"ಹಿಂದೆ ಗಾಳಿಗೆ ಅಡ್ಡ ಇತ್ತು ಸರ್. ಬಟ್ಟೆ."

"ಬಟ್ಟಿ? ಯಾರು ಹಾಕಿದ್ರು?"

ಮಾವಶಿ ಚಹಾ ತಂದು ಬಾಗಿಲಲ್ಲೇ ನಿಂತಿದ್ದರು.

"ನಾನೇ ಸರ್. ಮಳೇಲಿ ಒಣಗಲಿಲ್ಲ ಅಂತ ಹಾಕಿದ್ದೆ."

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಓದಿದವರು ನೀವು, ನಾಚಿಕಿ ಆಗಂಗಿಲ್ಲೇನ್ರಿ? ಸರ್ವರ್ ಇಲ್ಲೇ ಇರಲಿ. ಇನ್ನೊಮ್ಮೆ ಬಿಸಿ ಆದ್ರ ಮೊದಲ ನಿಮ್ಮನ್ನ ಮನಿಗೆ ಕಳಸ್ತೀನಿ."

ಕೆಲಸ ಉಳಿಯಿತು, ಮರ್ಯಾದೆ ಹೋಯಿತು. ಮಾವಶಿ ನನ್ನೆದುರು ಚಹಾ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಸಂಜೆ ಮಲ್ಲಾಪುರದ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಹಸಿ ಲಂಗೋಟಿಗಳ ಗಂಟು ಇರುತ್ತದೆ. ನಮ್ಮ ಮನೆಯ ಫ್ರಿಜ್ಜಿನ ಹಿಂದೆ ಅವನ್ನು ಒಣಗಹಾಕುತ್ತೇನೆ. ಫ್ರಿಜ್ಜು ಕಾದು ಹಾಳಾಗುತ್ತದೆ ಎಂದು ಗಂಡ ಗೊಣಗುತ್ತಾನೆ. ಅದು ನನಗೆ ಗೊತ್ತಿಲ್ಲವೇ?