ಸಂಕ್ರಾಂತಿ ಬೆಳಗಿನ ಸುರುಳಿ ಬನ್ನು

ಒಂದು ಮಳೆಗಾಲದಲ್ಲಿ ಅಕ್ಕನ ಮನೆಮಂದಿಗೆಲ್ಲ ಜ್ವರ ಬಂತು. ಎಲ್ಲರೂ ಮಲಗಿ, ಎಲ್ಲರೂ ಎದ್ದರು. ಅಕ್ಕನೂ ಎದ್ದಳು, ಆದರೆ ಅವಳ ಮೂಗು ಮಾತ್ರ ಏಳಲಿಲ್ಲ. ವಾಸನೆ ಅನ್ನುವುದೇ ಅವಳಿಗೆ ಇಲ್ಲವಾಯಿತು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾನು ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ನಮ್ಮ ತವರು ಕುಣಿಗಲ್. ಅಲ್ಲಿ ಹುಡುಗಿಯಾಗಿದ್ದಾಗಲೇ ಅಕ್ಕ ನಡುಮನೆಯಲ್ಲಿ ಕೂತು ಹೋಂವರ್ಕ್ ಬರೆಯುತ್ತಾ, ತಲೆ ಎತ್ತದೆ, "ಅವ್ವಾ, ಸಾರಿಗೆ ಉಪ್ಪು ಹಾಕಿಲ್ಲ" ಎನ್ನುತ್ತಿದ್ದಳು. ಅವ್ವ ಸೌಟು ಎತ್ತಿ ರುಚಿ ನೋಡಿದರೆ ಮಾತು ನಿಜವಾಗಿರುತ್ತಿತ್ತು. ಉಪ್ಪಿಗೂ ವಾಸನೆ ಇರುತ್ತದಾ ಎಂದು ನಾನು ಕೇಳಿದರೆ, "ಉಪ್ಪಿಗಿಲ್ಲ ಕಣೇ, ಉಪ್ಪು ಬೀಳ್ದೇ ಇರೋ ಬೇಳೆಗಿರ್ತದೆ" ಎಂದು ನಗುತ್ತಿದ್ದಳು. ಮದುವೆಯಾಗಿ ಗುಬ್ಬಿ ತಾಲ್ಲೂಕಿನ ಕಡಬಕ್ಕೆ ಹೋದ ಮೇಲೂ ಆ ಮೂಗಿನ ಹೆಸರು ಅವಳ ಜೊತೆಗೇ ಹೋಯಿತು. ನೆಂಟರ ಮನೆಯ ಮದುವೆಯಲ್ಲಿ ಅಡುಗೆಯವರು ಹುಳಿಗೆ ಒಗ್ಗರಣೆ ಹಾಕಿದ ಮೇಲೆ ಇವಳನ್ನೇ ಕರೆಸಿ ನಿಲ್ಲಿಸಿಕೊಳ್ಳುತ್ತಿದ್ದರು.

ಜ್ವರ ಬಿಟ್ಟ ಕೆಲವು ದಿನಗಳಿಗೆ ಅವಳ ಫೋನ್ ಬಂತು. ದನಿ ಸಣ್ಣಗಿತ್ತು.

"ಬೆಳ್ಳುಳ್ಳಿ ಒಗ್ಗರಣೆ ಸೀದೋಯ್ತು ಕಣೇ. ನಾನು ಪಕ್ಕದಲ್ಲೇ ನಿಂತಿದ್ದೆ. ಗೊತ್ತೇ ಆಗ್ಲಿಲ್ಲ."

"ಹೋಗ್ಲಿ ಬಿಡೇ, ಎಲ್ರ ಮನೇಲೂ ಸೀಯುತ್ತೆ."

"ಅದಲ್ಲ. ಊಟಕ್ಕೆ ಬಡಿಸ್ದೆ. ಇವರೂ ಏನೂ ಅನ್ಲಿಲ್ಲ, ಅತ್ತೆಮ್ಮನೂ ಏನೂ ಅನ್ಲಿಲ್ಲ. ಸುಮ್ನೆ ತಿಂದ್ರು. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಅವಳು ಒಲೆಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಭಾವ ಗುಬ್ಬಿಯ ಶಾಲೆಯಲ್ಲಿ ಮೇಷ್ಟ್ರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಾಗಾಗಿ ಅಡುಗೆಮನೆ ಮತ್ತೆ ಅವಳ ಅತ್ತೆಯ ಕೈಗೆ ಹೋಯಿತು. ಅತ್ತೆ ಗಟ್ಟಿ ಹೆಂಗಸು, ಮಾತೂ ಗಟ್ಟಿ, ಆದರೆ ವಯಸ್ಸಾಗಿತ್ತು. ರಾಗಿಮುದ್ದೆ ತಿರುವುವಾಗ ಅವರ ಸೊಂಟ ಹಿಡಿದುಕೊಳ್ಳುತ್ತಿತ್ತು. ಅಕ್ಕ ಹಾಲು ಕರೆದಳು, ತೋಟಕ್ಕೆ ನೀರು ಬಿಟ್ಟಳು, ಕೊಬ್ಬರಿ ಒಣಹಾಕಿದಳು, ಒಲೆಯೊಂದನ್ನು ಬಿಟ್ಟು ಎಲ್ಲ ಕೆಲಸ ಮಾಡಿದಳು. ಊಟ ಮಾತ್ರ ಹತ್ತಿ ಅಗಿದ ಹಾಗಿದೆ ಎನ್ನುತ್ತಿದ್ದಳು. ನಾಲಗೆಗೆ ಸಿಹಿ, ಉಪ್ಪು, ಖಾರ ಅಷ್ಟಿಷ್ಟು ತಿಳಿಯುತ್ತಿತ್ತು. ಅದರಾಚೆಗೆ ಕೊತ್ತಂಬರಿ ಸೊಪ್ಪೂ ಒಂದೇ, ಹುಲ್ಲೂ ಒಂದೇ.

ನಾನಿರುವುದು ತುಮಕೂರಿನಲ್ಲಿ, ಶಿರಾ ಗೇಟಿನ ಹತ್ತಿರ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ದಸರಾ ಕಳೆದ ಮೇಲೆ ಅವಳನ್ನು ಕರೆಸಿಕೊಂಡು ಮೂಗಿನ ಡಾಕ್ಟರಿಗೆ ತೋರಿಸಿದೆ. ಅವರು ಟಾರ್ಚು ಬಿಟ್ಟು ನೋಡಿ, ಬರಬಹುದು, ಬರದೆಯೂ ಇರಬಹುದು, ಕಾಯಬೇಕಮ್ಮ ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಹೊರಗೆ ಬಂದು ಇಬ್ಬರೂ ಶಿರಾ ಗೇಟಿನ ಬೇಕರಿಯೊಂದರ ಮುಂದೆ ಟೀ ಕುಡಿಯುತ್ತಾ ನಿಂತೆವು. ಬಸ್ಸು, ಲಾರಿ, ಆಟೋಗಳ ಗದ್ದಲದಲ್ಲಿ ಮಾತಾಡುವ ಹಾಗಿರಲಿಲ್ಲ.

ಅಕ್ಕ ಮಾತ್ರ ಬೇಕರಿಯ ಹಿಂಬಾಗಿಲ ಕಡೆಗೇ ನೋಡುತ್ತಿದ್ದಳು. ಒಳಗೆ ಉದ್ದನೆಯ ಕಲ್ಲಿನ ಕಟ್ಟೆಯ ಮೇಲೆ ಇಬ್ಬರು ಹಿಟ್ಟು ನಾದುತ್ತಿದ್ದರು. ಎತ್ತಿ ಬಡಿಯುವುದು, ಮಡಿಸುವುದು, ಬೆರಳಿಂದ ಒತ್ತಿ ನೋಡುವುದು, ಮತ್ತೆ ಬಡಿಯುವುದು.

"ನೋಡೇ," ಎಂದಳು. "ಅವ್ರು ಮೂಸಿ ನೋಡ್ತಾನೇ ಇಲ್ಲ. ಮುಟ್ಟಿ ನೋಡ್ತಾವ್ರೆ."

ಹೇಳಿದವಳೇ ಟೀ ಲೋಟ ನನ್ನ ಕೈಗೆ ಕೊಟ್ಟು ಒಳಗೆ ನಡೆದಳು. ಗಲ್ಲಾದ ಮೇಲೆ ಕೂತಿದ್ದ ಬೇಕರಿಯ ಯಜಮಾನರು ಬಿಳಿ ಟೋಪಿ ಹಾಕಿದ ಹಿರಿಯ ಸಾಬರು.

"ಏನು ಬೇಕಿತ್ತಮ್ಮ?"

"ಒಂದ್ಸಲ ಆ ಹಿಟ್ಟು ಮುಟ್ಟಿ ನೋಡ್ಬೋದಾ?"

ಅವರು ಅವಳ ಮುಖವನ್ನೇ ಒಂದು ಕ್ಷಣ ನೋಡಿದರು. ಯಾಕೆ ಎಂದು ಕೇಳಲಿಲ್ಲ. "ಕೈ ತೊಳ್ಕೊಂಡು ಬನ್ನಿ" ಎಂದರು.

ಅಕ್ಕ ಹಿಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದನ್ನು ನಾನು ಬಾಗಿಲಿಂದ ನೋಡಿದೆ. ಬೆರಳಿಂದ ಒತ್ತಿದಳು. ಕುಳಿ ಬಿದ್ದು, ಮೆಲ್ಲಗೆ ಮೇಲೆ ಬಂತು. ಮತ್ತೊಮ್ಮೆ ಒತ್ತಿದಳು. ಜ್ವರ ಬಿಟ್ಟ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಯಜಮಾನರು ಹಿಟ್ಟು ಉಬ್ಬಿಸುವ ಈಸ್ಟನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕೊಟ್ಟು, "ಚಳಿಗಾಲ ಬರ್ತಾ ಇದೆ, ಹಿಟ್ಟಿಗೂ ಚಳಿ ಆಗುತ್ತಮ್ಮ. ಬೆಚ್ಚಗಿಡಿ, ಅವಸರ ಮಾಡ್ಬೇಡಿ" ಎಂದರು. ನನ್ನ ಮನೆಯಲ್ಲಿ ಕರೆಂಟಿನ ಓವನ್ ಒಂದಿತ್ತು. ತಂದ ಹೊಸದರಲ್ಲಿ ಒಮ್ಮೆ ಕೇಕು ಮಾಡಿದ್ದು ಬಿಟ್ಟರೆ ಅದು ಪ್ಲಾಸ್ಟಿಕ್ ಕವರು ತುಂಬುವ ಗೂಡಾಗಿತ್ತು. ಕವರುಗಳನ್ನು ತೆಗೆದು, ಒರೆಸಿ, ಅವಳ ಜೊತೆ ಕಡಬದ ಬಸ್ಸಿಗೆ ಹತ್ತಿಸಿದೆ.

ಆಮೇಲಿನ ದಿನಗಳ ವರದಿ ಫೋನಿನಲ್ಲೇ ಬರುತ್ತಿತ್ತು. ಮೊದಲು ಮಾಡಿದ ಬನ್ನು ಕಲ್ಲಾಯಿತು. ಹಸುವಿನ ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತಂತೆ. "ಅದ್ಕಾದ್ರೂ ಮೂಸೋಕೆ ಬರುತ್ತಲ್ಲ" ಎಂದು ಅಕ್ಕ ನಕ್ಕಳು. ಇನ್ನೊಮ್ಮೆ ಹಿಟ್ಟು ಉಬ್ಬಲೇ ಇಲ್ಲ. ಮತ್ತೊಮ್ಮೆ ಉಬ್ಬಿ ಪಾತ್ರೆಯಿಂದಾಚೆ ಸುರಿಯಿತು. ಅವಳು ಕಣಕ ನಾದಿ ಪಳಗಿದ ಕೈಯವಳು. ಹೋಳಿಗೆಯ ಕಣಕದಿಂದ ಈ ಹಿಟ್ಟು ಎಲ್ಲಿ ಬೇರೆಯಾಗುತ್ತದೆ ಎನ್ನುವುದನ್ನು ಆ ಕೈಯೇ ಹುಡುಕಿಕೊಂಡಿತು. ಧನುರ್ಮಾಸ ಬರುವ ಹೊತ್ತಿಗೆ ಬನ್ನು ಮೆತ್ತಗಾಗಿತ್ತು. ಆಮೇಲೆ ಹಿಟ್ಟನ್ನು ಚಪ್ಪಟೆಯಾಗಿ ಲಟ್ಟಿಸಿ, ಬೆಣ್ಣೆ ಸವರಿ, ಬೆಲ್ಲದ ಪುಡಿ, ಕೊಬ್ಬರಿ ತುರಿ, ಹುರಿದ ಎಳ್ಳು, ಚಕ್ಕೆ, ಲವಂಗ, ಏಲಕ್ಕಿ, ಒಣಶುಂಠಿಯ ಪುಡಿ ಉದುರಿಸಿ, ಚಾಪೆಯ ಹಾಗೆ ಸುತ್ತಿ ಕತ್ತರಿಸಿ ಬೇಯಿಸತೊಡಗಿದಳು. ಕತ್ತರಿಸಿದ ಕಡೆ ಸುರುಳಿ ಕಾಣುತ್ತಿದ್ದುದರಿಂದ ಮನೆಯಲ್ಲಿ ಅದಕ್ಕೆ ಸುರುಳಿ ಬನ್ನು ಎಂದೇ ಹೆಸರಾಯಿತು. ಶುಂಠಿಯನ್ನು ಮಾತ್ರ ಕೈ ಬಿಚ್ಚಿ ಹಾಕುತ್ತಿದ್ದಳು. ಅದರ ಖಾರ ಗಂಟಲಲ್ಲಿ ಇಳಿಯುವುದು ಅವಳಿಗೆ ತಿಳಿಯುತ್ತಿತ್ತು.

"ಸಂಕ್ರಾಂತಿ ಬೆಳಿಗ್ಗೆ ತಿಂಡಿಗೆ ಇದನ್ನೇ ಮಾಡ್ತೀನಿ, ನೀನು ಬಾ" ಎಂದಳು.

ಹಬ್ಬದ ಹಿಂದಿನ ದಿನ ನಾನು ಹೋದಾಗ ಮನೆಯಲ್ಲಿ ಇದೇ ಮಾತು ನಡೆದಿತ್ತು. ಅತ್ತೆ ಅವರೆಕಾಳು ಹಿಸುಕುತ್ತಾ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ, "ನೀನಾರ ಹೇಳವ್ವ ನಿಮ್ಮಕ್ಕಂಗೆ. ಬನ್ನು, ಬ್ರೆಡ್ಡು ಕಾಯ್ಲೆ ಬಿದ್ದೋರು ತಿನ್ನಾದು. ಹಬ್ಬದ ದಿನ ಬೆಳಿಗ್ಗೇನೆ ಬನ್ನು ತಿಂದ್ರೆ ನೋಡ್ದೋರು ಏನಂದಾರು?" ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಬನ್ನು ಮನೆಗೆ ಬರುವುದು ಆಸ್ಪತ್ರೆಯ ದಾರಿಯಿಂದಲೇ. ನಾನು ಅವರ ಎದುರಿಗೆ ಕೂತು ಕಾಳು ಹಿಸುಕಿದೆ. "ಪೊಂಗಲ್ಲೂ ಇರ್ತದೆ ಬುಡಿ ಅತ್ತೆಮ್ಮ, ಇದೂ ಇರ್ಲಿ" ಎಂದಷ್ಟೇ ಅಕ್ಕ ಹೇಳಿದಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಕ್ಕ ಹಿಟ್ಟು ನಾದಿ ಮುಗಿಸಿದ್ದಳು. ಕಡಬದ ಕೆರೆಯ ಕಡೆಯಿಂದ ಬರುವ ಚಳಿಗೆ ನೆಲಕ್ಕೆ ಕಾಲಿಡುವ ಹಾಗಿರಲಿಲ್ಲ. ಅವಳು ಹಿಟ್ಟಿನ ಪಾತ್ರೆಗೆ ಬಟ್ಟೆ ಮುಚ್ಚಿ ಬಚ್ಚಲಿನ ಹಂಡೆ ಒಲೆಯ ಪಕ್ಕದಲ್ಲಿಟ್ಟಿದ್ದಳು. ಹಬ್ಬದ ನೀರು ಕಾಯುತ್ತಿತ್ತು, ಪಕ್ಕದಲ್ಲಿ ಹಿಟ್ಟು ಉಬ್ಬುತ್ತಿತ್ತು. ಸ್ನಾನಕ್ಕೆ ಹೋದವರೆಲ್ಲ ಅದಕ್ಕೆ ನೀರು ಸಿಡಿಯದಂತೆ ಮೂಲೆಯಲ್ಲಿ ಮೈ ಮುದುರಿಕೊಂಡು ಮಿಂದೆವು. ಭಾವ ಒಳಗಿನಿಂದಲೇ, "ಲೇ, ಇದು ನಂಗಿಂತ ಜೋರಾಗಿ ಉಸಿರಾಡ್ತಾ ಐತೆ ಕಣೇ" ಎಂದು ಕೂಗಿದರು.

ಅವಳು ಸುರುಳಿ ಸುತ್ತಿ, ಕತ್ತರಿಸಿ, ತಟ್ಟೆಗೆ ಜೋಡಿಸಿ, ಓವನ್ನಿನ ಸ್ವಿಚ್ಚು ಹಾಕಲು ಹೋದಳು. ದೀಪ ಹೋಯಿತು. ಭಾವ ಲೈನ್‌ಮನ್ನಿಗೆ ಫೋನು ಮಾಡಿ ಬಂದು, "ಟಿ.ಸಿ. ಸುಟ್ಟೋಗೈತಂತೆ. ಹಬ್ಬದ ದಿನ ಬೇರೆ. ಇವತ್ತಿಗೆ ಆಗಲ್ಲ ಬುಡು" ಎಂದರು. ಊರಿಗೆ ಕರೆಂಟು ಕೊಡುವ ಪೆಟ್ಟಿಗೆಯೇ ಸುಟ್ಟಿದ್ದರೆ ಇನ್ನೇನು ಮಾಡುವುದು? ನನಗೆ ಅಕ್ಕನ ಮುಖ ನೋಡಲಾಗಲಿಲ್ಲ.

ಅಕ್ಕ ತಟ್ಟೆಯನ್ನೊಮ್ಮೆ ನೋಡಿದಳು, ಹಂಡೆ ಒಲೆಯನ್ನೊಮ್ಮೆ ನೋಡಿದಳು. "ಕರೆಂಟು ಬಂದಿದ್ದು ಮೊನ್ನೆ ಮೊನ್ನೆ. ಬೆಂಕಿ ಹೋಗಿಲ್ವಲ್ಲ" ಎಂದಳು.

ಮದುವೆ ಅಡುಗೆಯ ದೊಡ್ಡ ಪಾತ್ರೆಯೊಂದು ಅಟ್ಟದಿಂದ ಇಳಿದು, ಹಂಡೆಯ ಜಾಗದಲ್ಲಿ ಒಲೆಯ ಮೇಲೆ ಕೂತಿತು. ತಳಕ್ಕೆ ಮರಳು ಸುರಿದು, ಅದರ ಮೇಲೆ ಮೂರು ಕಲ್ಲು, ಕಲ್ಲಿನ ಮೇಲೆ ತಟ್ಟೆ. ಮುಚ್ಚಳದ ಮೇಲೆ ಹಾಕಲು ತೆಂಗಿನ ಕರಟದ ಕೆಂಡ. ಕೆಳಗೂ ಕಾವು, ಮೇಲೂ ಕಾವು. ಎಲ್ಲ ಸರಿಯೇ, ಆದರೆ ಕೆಂಡ ಹೊತ್ತ ಮುಚ್ಚಳವನ್ನು ಮೇಲಿಂದ ಮೇಲೆ ತೆಗೆದು ನೋಡುವಂತಿರಲಿಲ್ಲ. ಒಳಗೆ ಏನಾಗುತ್ತಿದೆ ಎಂದು ಹೊರಗೆ ಹೇಳುವುದು ವಾಸನೆ ಒಂದೇ. ಅಕ್ಕ ಅಲ್ಲಿ ನಿಂತುಬಿಟ್ಟಳು. ನಾನು ನೋಡಿಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅಡುಗೆಮನೆಯ ಕಡೆ ತಿರುಗಿ ಕರೆದಳು.

"ಅತ್ತೆಮ್ಮ, ಒಸಿ ಬನ್ನಿ. ನಿಮ್ಮ ಮೂಗು ಬೇಕು ನಂಗೆ."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಏನಾದರೂ ಅಂದಾರೆಂದು ನಾನು ಕಾಯುತ್ತಿದ್ದೆ. ಅವರು ಮಣೆ ಎಳೆದುಕೊಂಡು ಪಾತ್ರೆಯ ಎದುರು ಕೂತರು. ಅಕ್ಕ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಏನೈತೆ ಈಗ?" ಅಕ್ಕ ಕೇಳಿದಳು.

"ಏನೂ ಇಲ್ಲ. ಹಸಿ ಹಿಟ್ಟು."

ಅಕ್ಕ ಮುಚ್ಚಳದ ಮೇಲೆ ಇನ್ನಷ್ಟು ಕೆಂಡ ಹರಡಿದಳು.

"ಈಗ ಬೆಣ್ಣೆ ಕರಗ್ತಾ ಐತೆ ಕಣವ್ವ. ತುಪ್ಪ ಕಾಯಿಸ್ವಾಗ ಮೊದ್ಲು ಬತ್ತದಲ್ಲ, ಅಂಗೆ."

"ಹೂಂ."

"ಬೆಲ್ಲ ಬಂತು. ಆಲೆಮನೆ ತಾವ ನಿಂತಂಗೈತೆ. ಇರು, ಅದ್ರ ಹಿಂದೇನೇ ಏಲಕ್ಕಿ. ಲವಂಗ ಒಂಚೂರು ಜಾಸ್ತಿ ಹಾಕಿದೀಯ ನೀನು."

"ಹಾಕಿದೀನಿ" ಎಂದಳು ಅಕ್ಕ. ಅವಳು ಕಣ್ಣು ಮುಚ್ಚಿದ್ದಳು. ಅತ್ತೆ ಹೇಳಿದ ಒಂದೊಂದಕ್ಕೂ ಅವಳ ತಲೆ ಸಣ್ಣಗೆ ಆಡುತ್ತಿತ್ತು, ಬಹಳ ದಿನದಿಂದ ನೋಡದವರ ಕ್ಷೇಮ ಸಮಾಚಾರ ಕೇಳುವವರ ಹಾಗೆ. ಅತ್ತೆಯೂ ಅದನ್ನು ಕಂಡರು ಎಂದು ಕಾಣುತ್ತದೆ. ಆಮೇಲೆ ಅಕ್ಕ ಕೇಳುವ ಮುಂಚೆಯೇ ಹೇಳತೊಡಗಿದರು. ಕೊಬ್ಬರಿ ಕೆಂಪಾಗುವ ವಾಸನೆ, ಎಳ್ಳಿನ ವಾಸನೆ, ಕರಟದ ಹೊಗೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಸೊಸೆಯ ಜೊತೆ ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ತೆಗಿ ತೆಗಿ, ಸೀಯೋ ಅಂಚಿಗೆ ಬಂತು!"

ಮೊದಲ ತಟ್ಟೆಯ ತಳ ಒಂದಿಷ್ಟು ಕಪ್ಪಾಗಿಯೇ ಇತ್ತು. ಅತ್ತೆ ತಮ್ಮದೇ ತಪ್ಪೆಂಬಂತೆ ಹಣೆ ಗಟ್ಟಿಸಿಕೊಂಡು, ಎರಡನೆಯದಕ್ಕೆ ಇನ್ನೂ ಹತ್ತಿರ ಕೂತರು. ಅದು ಹೊಂಬಣ್ಣಕ್ಕೆ ಬಂದು, ಸುರುಳಿಗಳ ನಡುವೆ ಬೆಲ್ಲ ಗುಳುಗುಳು ಎನ್ನುತ್ತಾ ಆಚೆ ಬಂತು. ಅಕ್ಕ ಅದರ ಮೇಲೆ ಬೆರಳಿಟ್ಟು ಒತ್ತಿ, "ಬೆಂದೈತೆ" ಎಂದಳು.

ಪೂಜೆ ಮುಗಿಸಿ ಎಲ್ಲರೂ ಜಗಲಿಯ ಬಿಸಿಲಿಗೆ ಬಂದು ಕೂತೆವು. ದೇವರ ಮುಂದೆ ಪೊಂಗಲ್ಲೇ ಇತ್ತು. ಬನ್ನನ್ನು ಅಲ್ಲಿಡಲು ಅತ್ತೆ ಒಪ್ಪಲಿಲ್ಲ, ಅಕ್ಕ ಒತ್ತಾಯಿಸಲೂ ಇಲ್ಲ. ಆದರೆ ಮೊದಲ ಬನ್ನನ್ನು ಎತ್ತಿಕೊಂಡವರು ಅತ್ತೆಯೇ. ಮುರಿದರು, ಬಾಯಿಗಿಟ್ಟರು, ಅಗಿದರು. ಭಾವ ಅವರ ಬಾಯನ್ನೇ ನೋಡುತ್ತಿದ್ದರು.

"ಇದು ಕಾಯ್ಲೆಯೋರ ಬನ್ನಲ್ಲ ಬುಡು" ಎಂದು ಅತ್ತೆ ಇನ್ನೊಂದಕ್ಕೆ ಕೈ ಹಾಕಿದರು.

ನನಗೆ ಅದರ ರುಚಿ ಹೇಳಲು ಬರುವುದಿಲ್ಲ. ಬಿಸಿ ಬೆಲ್ಲ ತುಟಿಗಂಟಿತು, ಒಳಗಿನ ಪದರ ಹತ್ತಿಯ ಹಾಗೆ ಬಿಡಿಸಿಕೊಂಡಿತು, ಚಳಿ ಬಿಟ್ಟುಹೋಯಿತು. ನಾನು ಅಕ್ಕನನ್ನು ನೋಡುತ್ತಿದ್ದೆ. ಅವಳು ನಿಧಾನವಾಗಿ ಅಗಿಯುತ್ತಿದ್ದಳು.

"ನಿಂಗೆ ಏನನ್ಸುತ್ತೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಮೇಲೆ ಗರಿಗರಿ. ಒಳಗೆ ಮೆತ್ತಗೆ. ಎಳ್ಳು ಹಲ್ಲಿಗೆ ಸಿಕ್ಕಿ ಪಟ್ ಅಂತದೆ. ಸಿಹಿ. ಆಮೇಲೆ ಶುಂಠಿ ಬಂತು ಕಣೇ, ಇಲ್ಲಿ," ಎಂದು ಗಂಟಲು ಮುಟ್ಟಿಕೊಂಡಳು. "ಸಾಕಷ್ಟೈತೆ. ಚೆನ್ನಾಗೈತೆ."

ಅವಳು ನನ್ನ ಸಮಾಧಾನಕ್ಕೆ ಹೇಳುತ್ತಿರಲಿಲ್ಲ. ಇಲ್ಲದ್ದನ್ನು ಎಣಿಸುತ್ತಾ ಕೂರದೆ, ಇರುವುದರಲ್ಲಿ ಒಂದು ತಿಂಡಿಯನ್ನು ಕಟ್ಟಿಕೊಂಡಿದ್ದಳು. ನನ್ನ ಮೂಗು, ನಾಲಗೆ ಎರಡೂ ಸರಿಯಾಗಿದ್ದರೂ ಅಷ್ಟು ಗಮನವಿಟ್ಟು ನಾನು ಯಾವತ್ತೂ ಏನನ್ನೂ ತಿಂದಿರಲಿಲ್ಲ. ಸಂಜೆ ಎಳ್ಳು ಬೀರಲು ಹೊರಟಾಗ ಅತ್ತೆಯೇ ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣಿನ ಪಕ್ಕದಲ್ಲಿ ಬನ್ನುಗಳನ್ನಿಟ್ಟು, "ನಮ್ಮ ಸೊಸೆ ಮಾಡಿದ್ದು" ಎಂದು ಹೇಳಿಕೊಂಡು ಬೀದಿ ತುಂಬ ಹಂಚಿ ಬಂದರು.

ಅಕ್ಕನಿಗೆ ಇಂದಿಗೂ ವಾಸನೆ ಪೂರ್ತಿ ಬಂದಿಲ್ಲ. ಒಂದೊಂದು ದಿನ ಏನೋ ಮಿಂಚಿ ಹೋಗುತ್ತದಂತೆ, ಅದೂ ತಪ್ಪುತಪ್ಪಾಗಿ. ಕಾಫಿ ಸೀಮೆಎಣ್ಣೆಯ ಹಾಗೆ, ಸೋಪು ಮಾವಿನಕಾಯಿಯ ಹಾಗೆ. ಅವಳು ಅದನ್ನು ಹೇಳಿ ನಗುತ್ತಾಳೆ. ಆದರೆ ಅಡುಗೆಮನೆಗೆ ಮರಳಿದ್ದಾಳೆ. ಅತ್ತೆ ಬಾಗಿಲ ಹತ್ತಿರ ಕೂತು ಒಗ್ಗರಣೆಯ ವರದಿ ಕೊಡುತ್ತಾರೆ, ಇವಳು ಅದಕ್ಕೆ ತಕ್ಕಂತೆ ಉರಿ ತಗ್ಗಿಸುತ್ತಾಳೆ. ಒಮ್ಮೊಮ್ಮೆ ಇಬ್ಬರಿಗೂ ಜಗಳವಾಗುತ್ತದೆ. ಅತ್ತೆ ಬೆಂದಿದೆ ಎಂದರೆ ಸೊಸೆ ಮುಟ್ಟಿ ನೋಡಿ ಇಲ್ಲ ಎನ್ನುತ್ತಾಳೆ. ಹೋದ ಸಂಕ್ರಾಂತಿಗೆ ನಾನು ಹೋದಾಗ ಸಿಹಿ ಸುರುಳಿಯ ಜೊತೆಗೆ ಹಿಸುಕಿದ ಅವರೆಕಾಳಿನ ಖಾರದ ಸುರುಳಿಯೂ ಇತ್ತು. ಅದು ಯಾರ ಐಡಿಯಾ ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ "ನಂದು" ಎಂದರು.